ಹಾರ್ಲಿಕ್ಸ್ ಬಾಟಲಿಯ ವೈನು

ನಮ್ಮೂರಿನ ವೈನ್ಸ್ ಅಂಗಡಿಗಳಲ್ಲಿ ವೈನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ದಾವಣಗೆರೆಯ ಯಾವ ಕಡೆ ಹೊರಟರೂ ದಾರಿಯಲ್ಲಿ ಒಂದು ಬೋರ್ಡು ಕಾಣುತ್ತದೆ. ಮೊದಲು ದೇವರ ಹೆಸರು, ಪಕ್ಕದಲ್ಲಿ ವೈನ್ಸ್. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಅಂಥ ಒಂದು ಅಂಗಡಿಯ ಮುಂದೆ ನಿಂತೆ. ಆ ಕಡೆ ಈ ಕಡೆ ನೋಡಿದೆ. ಬೀಗರ ಪೈಕಿ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, "ವೈನ್ ಐತೇನಪ್ಪಾ?" ಎಂದೆ. ಕಂಬಿಯ ಹಿಂದಿದ್ದ ಹುಡುಗ "ಏನು?" ಎಂದ. ಮತ್ತೊಮ್ಮೆ ಹೇಳಿದೆ. ಅವನು ಒಳಗೆ ತಿರುಗಿ, "ಅಣ್ಣಾ, ಇವರು ವೈನ್ ಕೇಳಾಕತ್ತಾರೆ ನೋಡು" ಎಂದು ಕೂಗಿದ. ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕಾಯಿಲೆಯವರನ್ನು ನೋಡುವ ಹಾಗೆ ನೋಡಿದರು.

ಅಣ್ಣ ಸ್ಟೂಲು ಹತ್ತಿ, ಮೇಲಿನ ಅಟ್ಟದ ಮೂಲೆಯಿಂದ ಒಂದು ಬಾಟಲಿ ಇಳಿಸಿದರು. ಧೂಳನ್ನು ಲುಂಗಿಯಲ್ಲೇ ಒರೆಸಿದರು. ಯಾವ ವರ್ಷದ್ದು ಎಂದು ಕೇಳಿದೆ. "ಗೊತ್ತಿಲ್ಲ ಸಾರ್, ನಾನು ಅಂಗಡಿ ತಗೊಳ್ಳೋಕೂ ಮುಂಚಿಂದು" ಎಂದರು. ವೈನ್ ಹಳೆಯದಾದಷ್ಟೂ ರುಚಿ ಅಂತ ಎಲ್ಲೋ ಕೇಳಿದ್ದ ನನಗೆ ಖುಷಿಯೇ ಆಯಿತು. ಆ ಮಾತು ಕೆಲವೇ ವೈನಿಗೆ ಸಲ್ಲುತ್ತದೆ, ಹೆಚ್ಚಿನವನ್ನು ಒಂದೆರಡು ವರ್ಷದಲ್ಲಿ ಕುಡಿದು ಮುಗಿಸಲೆಂದೇ ಮಾಡಿರುತ್ತಾರೆ ಅಂತ ಗೊತ್ತಾಗಿದ್ದು ಬಾಟಲಿ ತೆರೆದ ಮೇಲೆ.

ಅಷ್ಟಕ್ಕೂ ನಾನು ಅಂಗಡಿಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ. ನಿಜವಾದ ವೈನು ನನಗೆ ಚಡ್ಡಿ ಹಾಕುವ ಕಾಲದಿಂದಲೂ ಗೊತ್ತು. ಅದು ನಮ್ಮ ಪಕ್ಕದ ಮನೆಯಲ್ಲಿತ್ತು, ಉಪ್ಪಿನಕಾಯಿ ಜಾಡಿಯಲ್ಲಿ.

ಪಕ್ಕದ ಮನೆಯವರು ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಅಂಕಲ್‌ಗೆ ಹತ್ತಿ ಮಿಲ್ಲಿನ ಆಫೀಸಿನಲ್ಲಿ ಕೆಲಸ. ಅವರ ಹೆಂಡತಿ ಶಾಲೆಯಲ್ಲಿ ಟೀಚರು, ಹಾಗಾಗಿ ಇಡೀ ಓಣಿಗೆ ಟೀಚರಮ್ಮ. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನಾವು ಬೇರೆಯಾಗಿದ್ದು 1997ರಲ್ಲಿ. ಮಿಲ್ಲುಗಳಲ್ಲಿ ಸೈರನ್ ಕೂಗುತ್ತಿದ್ದ ಕಾಲ. ಟೀಚರಮ್ಮ ಇಷ್ಟು ವರ್ಷ ಇಲ್ಲೇ ಇದ್ದರೂ ಅವರ ಬಾಯಲ್ಲಿ "ಎಂತ ಮಾರಾಯ್ರೆ" ಹೋಗಿಲ್ಲ. ನಮ್ಮ ಅಜ್ಜಿಯ "ಏನವ್ವಾ ಟೀಚರಮ್ಮ, ಊಟಾತಾ?" ಅವರಿಗೂ, ಅವರ "ಎಂತ ಅಜ್ಜಿ" ನಮಗೂ ರೂಢಿಯಾಗಿಬಿಟ್ಟಿತ್ತು.

ದೀಪಾವಳಿಯ ಪಟಾಕಿ ಮುಗಿಯುವ ಹೊತ್ತಿಗೆ ಟೀಚರಮ್ಮನ ದ್ರಾಕ್ಷಿ ಬೇಟೆ ಶುರುವಾಗುತ್ತಿತ್ತು. ಚೀಲ ಹಿಡಿಯಲು ನಾನು. ಗಡಿಯಾರ ಕಂಬದ ಹತ್ತಿರ ತಳ್ಳುಗಾಡಿಗಳಲ್ಲಿ ಬಿಜಾಪುರದ ಹಸಿರು ದ್ರಾಕ್ಷಿ ಇದ್ದರೆ ಅದರ ಕಡೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. "ಅದು ತಿನ್ನಲಿಕ್ಕೆ" ಎಂದುಬಿಡುತ್ತಿದ್ದರು. ಅವರಿಗೆ ಬೇಕಾದದ್ದು ಬೀಜ ಇರುವ ಕಪ್ಪು ದ್ರಾಕ್ಷಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ, ಬೆಂಗಳೂರು ನೀಲಿ ಅಂತ ಹೆಸರಾದ ತಳಿ. 2013ರಲ್ಲಿ ಇದಕ್ಕೆ ಜಿಐ, ಅಂದರೆ ಇದು ಈ ನೆಲದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಸಿಪ್ಪೆ ದಪ್ಪ, ಒಳಗೆ ಲೋಳೆ, ತಿಂದರೆ ನಾಲಿಗೆ ಒಂದು ಗಂಟೆ ನೇರಳೆ. ತಿನ್ನಲು ಹೇಳಿ ಮಾಡಿಸಿದ ಹಣ್ಣಲ್ಲ. ಆದರೆ ಆ ದಪ್ಪ ಸಿಪ್ಪೆಯಲ್ಲೇ ವೈನಿನ ಬಣ್ಣ, ಒಗರು, ಪರಿಮಳ ಎಲ್ಲ ಇರುವುದು.

ಮನೆಗೆ ತಂದ ದ್ರಾಕ್ಷಿಯನ್ನು ಒಂದೊಂದಾಗಿ ತೊಟ್ಟಿನಿಂದ ಬಿಡಿಸಿ, ತೊಳೆದು, ಹಳೇ ಪಂಚೆಯ ಮೇಲೆ ಹರಡಬೇಕು. ಒಂದು ಹನಿ ನೀರೂ ಉಳಿಯಬಾರದು. ಒಡೆದದ್ದು, ಹುಳುಕು ಕಂಡರೆ ನನ್ನ ಬಾಯಿಗೆ. ಆಮೇಲೆ ಜಾಡಿ ಬರುತ್ತಿತ್ತು: ಕೆಳಗೆ ಬಿಳಿ, ಮೇಲೆ ಕಂದು ಬಣ್ಣದ ಪಿಂಗಾಣಿ ಜಾಡಿ. ನಮ್ಮ ಮನೆಯಲ್ಲಿ ಅಂಥದ್ದರಲ್ಲೇ ಮಾವಿನ ಮಿಡಿ ಇರುತ್ತಿತ್ತು. ಎರಡು ಕೆ.ಜಿ. ದ್ರಾಕ್ಷಿಗೆ ಎರಡು ಕೆ.ಜಿ. ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಬೇಕರಿಯಿಂದ ಕೇಳಿ ತಂದ ಒಂದು ಚಮಚ ಯೀಸ್ಟು, ನಾಲ್ಕು ಲವಂಗ, ಒಂದು ಚೂರು ಚಕ್ಕೆ. ಗೋಧಿ ಏಕೆ ಎಂದು ಕೇಳಿದರೆ "ನನ್ನ ಅಮ್ಮ ಹಾಕ್ತಿದ್ರು" ಎಂಬ ಉತ್ತರ. ಅದಕ್ಕಿಂತ ಗಟ್ಟಿ ಕಾರಣ ಅಡುಗೆಮನೆಯಲ್ಲಿ ಬೇರೆ ಇಲ್ಲ.

ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆ ಮೂಲೆಯಲ್ಲಿಟ್ಟರೆ ಇಪ್ಪತ್ತೊಂದು ದಿನ ಅದರ ಸೇವೆ. ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವಬೇಕು, ಅದೂ ಒಂದೇ ದಿಕ್ಕಿಗೆ. ಟೀಚರಮ್ಮ ಶಾಲೆಯಿಂದ ಬರುವುದು ತಡವಾದರೆ ಆ ಕೆಲಸ ನನಗೆ. ಬಟ್ಟೆ ಬಿಚ್ಚಿದ ತಕ್ಷಣ ಮೂಗಿಗೆ ಗಪ್ಪೆಂದು ಒಂದು ವಾಸನೆ. ಅರ್ಧ ಹಣ್ಣು, ಅರ್ಧ ಹುಳಿ. ಮೇಲೆ ಸಿಪ್ಪೆಗಳೆಲ್ಲ ದಪ್ಪ ಕೆನೆಯ ಹಾಗೆ ತೇಲುತ್ತಿದ್ದವು. ಸೌಟು ಒತ್ತಿದರೆ ಅದು ಸೀಳಿ, ಅಡಿಯಿಂದ ಗುಲಾಬಿ ನೊರೆ ಏಳುತ್ತಿತ್ತು. ಕಿವಿ ಇಟ್ಟು ಕೇಳಿದರೆ ಚುರ್ ಚುರ್ ಎನ್ನುವ ಸಣ್ಣ ಸದ್ದು. ಯಾರೋ ಬಹಳ ಜನ ಒಳಗೆ ಪಿಸುಗುಟ್ಟುವ ಹಾಗೆ.

ಆ ಪಿಸುಮಾತು ಎಷ್ಟು ಗಟ್ಟಿ ಅನ್ನುವುದು ನಮ್ಮ ಮನೆಯವರಿಗೆ ಒಂದು ಸಲ ತಿಳಿಯಿತು. ಆ ವರ್ಷ ಟೀಚರಮ್ಮ ಸೋಸಿದ ವೈನನ್ನು ಹಳೇ ಸ್ಕ್ವಾಷ್ ಬಾಟಲಿಗೆ ತುಂಬಿ, ಬಿರಡೆ ಬಿಗಿದು ಕೊಟ್ಟರು. ಅಪ್ಪ ಅದನ್ನು ತಂದರು. ಆದರೆ ಅಜ್ಜಿಯ ಕಣ್ಣಿಗೆ ಬೀಳದ ಹಾಗೆ ಎಲ್ಲಿಡುವುದು? ದೇವರ ಮನೆ ಅಜ್ಜಿಯದು, ಅಡುಗೆಮನೆ ಅಜ್ಜಿಯದು, ಬೀರುವಿನ ಕೀ ಅಜ್ಜಿಯ ಸೊಂಟದಲ್ಲಿ. ಉಳಿದದ್ದು ಮಂಡಕ್ಕಿ ಡಬ್ಬ. ದಾವಣಗೆರೆಯ ಮನೆಯಲ್ಲಿ ಅಕ್ಕಿ ಇಲ್ಲದಿದ್ದರೂ ನಡೆದೀತು, ಮಂಡಕ್ಕಿ ಇರಲೇಬೇಕು. ನಮ್ಮಲ್ಲಿ ಎಣ್ಣೆಯ ದೊಡ್ಡ ತಗಡಿನ ಡಬ್ಬದ ತುಂಬ ಇರುತ್ತಿತ್ತು. ಅಪ್ಪ ಬಾಟಲಿಯನ್ನು ಅದರೊಳಗೆ ಹೂತಿಟ್ಟರು.

ಸಕ್ಕರೆಯನ್ನು ತಿಂದು ಯೀಸ್ಟು ಎರಡು ವಸ್ತು ಮಾಡುತ್ತದೆ: ಒಂದು ಮದ್ಯ, ಇನ್ನೊಂದು ಇಂಗಾಲದ ಡೈ ಆಕ್ಸೈಡ್. ಸೋಸಿದ ಮಾತ್ರಕ್ಕೆ ಅದು ತಿನ್ನುವುದನ್ನು ನಿಲ್ಲಿಸುವುದಿಲ್ಲ. ಮದ್ಯ ಶೇಕಡಾ 14, 15 ಮುಟ್ಟುವವರೆಗೂ ಅದಕ್ಕೆ ಹಸಿವು. ಇದೆಲ್ಲ ಅಪ್ಪನಿಗೆ ಗೊತ್ತಿರಲಿಲ್ಲ. ನಡುರಾತ್ರಿ ಢಬ್ ಎಂದಿತು. ಮೊದಲು ಬೆಕ್ಕಿಗೆ ಬೈದರು. ಬೆಳಿಗ್ಗೆ ಒಗ್ಗರಣೆ ಹಾಕಲು ಅಜ್ಜಿ ಡಬ್ಬದ ಮುಚ್ಚಳ ತೆಗೆದರೆ, ಮಂಡಕ್ಕಿ ನೇರಳೆ ಬಣ್ಣಕ್ಕೆ ತಿರುಗಿ ಮುದ್ದೆಯಾಗಿತ್ತು. ಅಜ್ಜಿ ಮೂಸಿ ನೋಡಿದರು. ಇನ್ನೊಮ್ಮೆ ಮೂಸಿದರು. "ಭಟ್ಟಿಯವನು ಯಾವ ಅಕ್ಕಿ ಹಾಕ್ಯಾನೋ, ಮಂಡಕ್ಕಿ ಹೂವಿನ ಗತೆ ಘಮ್ ಅಂತೈತಿ" ಎಂದರು.

ಭಟ್ಟಿ ಅಂದರೆ ಬೇರೆ ಊರಿನವರಿಗೆ ಸಾರಾಯಿ ನೆನಪಾಗುತ್ತದೆ. ನಮಗೆ ಮಂಡಕ್ಕಿ ಭಟ್ಟಿ. ಅಕ್ಕಿ ಹುರಿದು ಮಂಡಕ್ಕಿ ಮಾಡುವ ಒಲೆಗಳ ಒಂದು ಪ್ರದೇಶವೇ ಇಲ್ಲಿದೆ. ಹಾಗಾಗಿ ಗುಟ್ಟು ಹೊರಬಿದ್ದ ಮೇಲೆ ಅಜ್ಜಿ ಟೀಚರಮ್ಮನನ್ನು ಕರೆದು ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. "ಇದನ್ನ ಭಟ್ಟಿ ಇಳಿಸ್ತಾರೇನವ್ವಾ?"

"ಇಲ್ಲ ಅಜ್ಜಿ, ಬೆಂಕಿಯೇ ತೋರಿಸುವುದಿಲ್ಲ. ನಿಮ್ಮ ದೋಸೆ ಹಿಟ್ಟು ಹುಳಿ ಬರ್ತದಲ್ಲ, ಹಾಗೆ."

ಅಜ್ಜಿ ಯೋಚನೆಗೆ ಬಿದ್ದರು. ದೋಸೆ ಹಿಟ್ಟಿನ ಮಾತು ಅವರಿಗೆ ತಾಗಿತು. ಡಿಸೆಂಬರಿನ ಚಳಿಯಲ್ಲಿ ಹಿಟ್ಟು ಉಬ್ಬುವುದಿಲ್ಲ ಅಂತ ಅವರೂ ಪಾತ್ರೆಗೆ ಕಂಬಳಿ ಹೊದಿಸಿ ಒಲೆ ಪಕ್ಕ ಇಡುತ್ತಿದ್ದರು. ಟೀಚರಮ್ಮ ಅಷ್ಟಕ್ಕೇ ಬಿಡದೆ ಬೈಬಲ್ಲಿನ ಕಾನಾ ಊರಿನ ಮದುವೆಯ ಕಥೆ ಹೇಳಿದರು. ಮದುವೆ ಮನೆಯಲ್ಲಿ ದ್ರಾಕ್ಷಾರಸ ಮುಗಿದುಹೋಯಿತು, ಆಗ ಯೇಸು ಆರು ಕಲ್ಲಿನ ಬಾನಿಗಳಿಗೆ ನೀರು ತುಂಬಿಸಿ ಅದನ್ನೇ ದ್ರಾಕ್ಷಾರಸ ಮಾಡಿದ. ಅಜ್ಜಿ ಗಲ್ಲಕ್ಕೆ ಕೈ ಇಟ್ಟುಕೊಂಡು ಕೇಳಿದರು. ಕೊನೆಗೆ, "ನಮ್ಮ ಕಡೆ ಮದುವೇಲಿ ಸಾರು ಕಮ್ಮಿ ಬಿದ್ರೆ ನೀರು ಹಾಕ್ತಾರೆ. ಅದು ನೀರೇ ಆಗಿ ಉಳೀತೈತಿ ನೋಡು" ಎಂದರು.

ಅಜ್ಜಿ ವೈನ್ ಕುಡಿಯಲಿಲ್ಲ, ಕೊನೆಯವರೆಗೂ. ಆದರೆ ಒಂದು ಮಾತು ಹೇಳಲೇಬೇಕು. ದಿನಾ ರಾತ್ರಿ ಊಟವಾದ ಮೇಲೆ ಅವರು ಎರಡು ಮುಚ್ಚಳ ದ್ರಾಕ್ಷಾಸವ ಕುಡಿಯುತ್ತಿದ್ದರು. ಪಂಡಿತರು ಕೊಟ್ಟ ಔಷಧ. ಒಣದ್ರಾಕ್ಷಿ, ಸಿಹಿ, ಮಸಾಲೆ, ಹುದುಗು ಬರಲೆಂದು ಧಾತಕಿ ಹೂವು. ಇವನ್ನೆಲ್ಲ ಮುಚ್ಚಿಟ್ಟು ವಾರಗಟ್ಟಲೆ ಕೊಳೆಸಿದರೆ ಆಗುವುದು ಆಸವ. ಇಂಥ ಬಾಟಲಿಗಳ ಚೀಟಿಯ ಮೇಲೆ, ತಾನಾಗಿ ಹುಟ್ಟಿದ ಮದ್ಯಸಾರ ಇಷ್ಟು ಶೇಕಡಾ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಬಿಯರಿಗೆ ಏನೂ ಕಡಿಮೆ ಇರುವುದಿಲ್ಲ. ಒಂದು ದಿನ ತಪ್ಪಿದರೆ ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ. ನಾವು ಯಾರೂ ಅವರಿಗೆ ಆ ಚೀಟಿ ಓದಿ ಹೇಳಲಿಲ್ಲ. ಅಷ್ಟು ಧೈರ್ಯ ಯಾರಿಗಿತ್ತು?

ಆ ಸ್ಫೋಟದ ನಂತರ ಟೀಚರಮ್ಮ ಬಿರಡೆಯ ಸಹವಾಸ ಬಿಟ್ಟು, ಹಾರ್ಲಿಕ್ಸಿನ ಗಾಜಿನ ಬಾಟಲಿಯಲ್ಲಿ, ಮುಚ್ಚಳ ಸಡಿಲವಾಗಿ ಹಾಕಿ ಕೊಡತೊಡಗಿದರು. ಜೊತೆಗೆ ಒಂದು ತಟ್ಟೆ ತಿಂಡಿ: ಸುರುಳಿ ಸುರುಳಿಯಾದ ಸಿಹಿ ಕಿಡಿಯೊ, ಗುಲಾಬಿ ಹೂವಿನಂಥ ಗರಿಗರಿ ಅಚ್ಚು, ನೆವ್ರಿ. ನೆವ್ರಿ ಅಂದರೆ ನಮ್ಮ ಕರ್ಜಿಕಾಯಿಯೇ, ಹೆಸರು ಬೇರೆ. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಅಲ್ವಾ? ಜನವರಿಯಲ್ಲಿ ಸಂಕ್ರಾಂತಿ ಬಂದಾಗ ಅದೇ ಹಾರ್ಲಿಕ್ಸ್ ಬಾಟಲಿಯನ್ನು ತೊಳೆದು, ಒಣಗಿಸಿ, ಎಳ್ಳು ಬೆಲ್ಲ ತುಂಬಿ ಅಜ್ಜಿ ವಾಪಸ್ ಕಳಿಸುತ್ತಿದ್ದರು. ಅಜ್ಜಿ ಹೋದ ಮೇಲೆ ಅಮ್ಮ ಕಳಿಸಿದರು, ಈಗ ನನ್ನ ಹೆಂಡತಿ ಕಳಿಸುತ್ತಾಳೆ. ಬಾಟಲಿ ಅದೇ. ಮುಚ್ಚಳ ಮಾತ್ರ ಎರಡು ಸಲ ಬದಲಾಗಿದೆ.

2007ರಲ್ಲಿ ಸರ್ಕಾರ ಸಾರಾಯಿ ನಿಷೇಧಿಸಿತು. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದದ್ದೂ ಅದೇ ವರ್ಷ. ಒಬ್ಬರನ್ನು ಹಿತ್ತಲ ಬಾಗಿಲಿಂದ ಕಳಿಸಿ ಇನ್ನೊಬ್ಬರಿಗೆ ಮುಂಬಾಗಿಲಲ್ಲಿ ಆರತಿ ಎತ್ತಿದ ಹಾಗೆ ಅಂತ ನಮ್ಮ ಅಂಕಲ್ ನಗುತ್ತಿದ್ದರು. ಆಮೇಲೆ ಬೆಂಗಳೂರಿನಲ್ಲಿರುವ ನನ್ನ ತಮ್ಮನಂಥವರೆಲ್ಲ ವೈನ್ ಪಂಡಿತರಾದರು. ಅವನು ನಂದಿ ಬೆಟ್ಟದ ಕಡೆಯ ದ್ರಾಕ್ಷಿ ತೋಟ ನೋಡಿ ಬಂದವನು. ಒಂದು ಕ್ರಿಸ್‌ಮಸ್‌ಗೆ ದುಬಾರಿ ಕ್ಯಾಬರ್ನೆ ಬಾಟಲಿ, ಕಾಲುಳ್ಳ ಆರು ಗ್ಲಾಸು, ಕಾರ್ಕು ಕೀಳುವ ತಿರುಪು ಎಲ್ಲ ಹಿಡಿದು ಟೀಚರಮ್ಮನ ಮನೆಗೆ ಬಂದ. ಕೆಂಪು ವೈನನ್ನು ರೂಮ್ ಟೆಂಪರೇಚರಿನಲ್ಲೇ ಕುಡಿಯಬೇಕು ಎಂದ. ಆ ರೂಮು ಯುರೋಪಿನದು, ಅಂದರೆ ಹದಿನಾರು, ಹದಿನೆಂಟು ಡಿಗ್ರಿಯದು. ನಮ್ಮ ದಾವಣಗೆರೆಯ ರೂಮಿನಲ್ಲಿ ಕ್ರಿಸ್‌ಮಸ್ ಮಧ್ಯಾಹ್ನವೂ ಫ್ಯಾನ್ ತಿರುಗುತ್ತಿರುತ್ತದೆ. ವೈನು ಬೆಚ್ಚಗೆ ಕಷಾಯದ ಹಾಗಿತ್ತು. ಅದರ ಜೊತೆಗೆ ನೆಂಚಿಕೊಳ್ಳಲು ಬಿಸಿ ಮಿರ್ಚಿ, ಖಾರ ಮಂಡಕ್ಕಿ. ಒಗರು ವೈನಿನ ಮೇಲೆ ಮೆಣಸಿನಕಾಯಿ ಬಿದ್ದರೆ ಖಾರ ಇನ್ನೂ ಏರುತ್ತದೆ. ತಮ್ಮನ ಕಣ್ಣಲ್ಲಿ ನೀರು. ಟೀಚರಮ್ಮ ಸುಮ್ನೆ ತಮ್ಮ ಸಿಹಿ ವೈನನ್ನು ಒಂದು ಸಣ್ಣ ಸ್ಟೀಲ್ ಲೋಟಕ್ಕೆ ಬಗ್ಗಿಸಿ ಮುಂದಿಟ್ಟರು. ಸಿಹಿ ಖಾರವನ್ನು ಇಳಿಸುತ್ತದೆ. ಮಿರ್ಚಿಗೆ ಆ ವೈನು, ಆ ವೈನಿಗೆ ಮಿರ್ಚಿ. ಈ ಜೋಡಿಯನ್ನು ಇನ್ನೂ ಯಾರೂ ಯಾಕೆ ಮೆನುವಿಗೆ ಹಾಕಿಲ್ಲವೋ ತಿಳಿಯದು.

ಒಂದು ವರ್ಷ ನಾನೂ ಮಾಡಿದೆ. ಅದೇ ದ್ರಾಕ್ಷಿ, ಅದೇ ಗೋಧಿ. ಆದರೆ ಸೋಸಿದ ಮೇಲೂ ದಿನಾ ಬಟ್ಟೆ ಬಿಚ್ಚಿ ಗೆಳೆಯರಿಗೆಲ್ಲ ತೋರಿಸಿದೆ. ಗಾಳಿ ಜಾಸ್ತಿ ತಾಗಿದರೆ ಬೇರೊಂದು ಬ್ಯಾಕ್ಟೀರಿಯ ಬಂದು ಕೂರುತ್ತದೆ, ಮದ್ಯವನ್ನು ಹುಳಿ ಮಾಡುತ್ತದೆ. ಟೀಚರಮ್ಮ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, "ವಿನೆಗರ್ ಚಂದ ಆಗಿದೆ ಮಾರಾಯ್ರೆ" ಎಂದರು. ಮಾರ್ಚ್‌ವರೆಗೂ ನಮ್ಮ ಮನೆಯಲ್ಲಿ ಗೋಬಿ ಮಂಚೂರಿ.

ಹೋದ ಕ್ರಿಸ್‌ಮಸ್ ಸಂಜೆ ಮತ್ತೆ ಎಲ್ಲರೂ ಸೇರಿದ್ದೆವು. ಅಂಕಲ್ ಈಗಿಲ್ಲ, ಅವರ ಕುರ್ಚಿಯಲ್ಲಿ ಮೊಮ್ಮಗಳು ಕೂತಿದ್ದಳು. ಟೀಚರಮ್ಮನಿಗೆ ಜಾಡಿ ಎತ್ತಲು ಆಗುವುದಿಲ್ಲ, ತಿರುವುವ ಕೆಲಸ ಪೂರ್ತಿ ನನ್ನದೇ. ತಮ್ಮ ಈ ಸಲ ಬಾಟಲಿ ತಂದಿರಲಿಲ್ಲ, ಕಾಲುಳ್ಳ ಗ್ಲಾಸು ಮಾತ್ರ ತಂದಿದ್ದ. ಹಾರ್ಲಿಕ್ಸ್ ಬಾಟಲಿಯಿಂದ ಬಗ್ಗಿಸಿಕೊಂಡು, ಗ್ಲಾಸನ್ನು ಅಲ್ಲಾಡಿಸಿ, ಮೂಗು ಪೂರ್ತಿ ಒಳಗಿಟ್ಟ. "ನೇರಳೆ ಹಣ್ಣು... ಲವಂಗ..." ಎನ್ನುತ್ತ ಹೋದ. ಮತ್ತೆ ಮೂಸಿದ. ಹುಬ್ಬು ಗಂಟಿಕ್ಕಿತು. "ಇದರಲ್ಲಿ ಇನ್ನೊಂದೇನೋ ಇದೆ. ಹುರಿದ ಎಳ್ಳಿನ ಹಾಗೆ" ಎಂದ.

ಟೀಚರಮ್ಮ ಕನ್ನಡಕ ಏರಿಸಿ, ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. ನೇರಳೆ ವೈನಿನ ಮೇಲೆ ಒಂದು ಬಿಳಿ ಎಳ್ಳು ತೇಲುತ್ತಿತ್ತು.

"ಸಂಕ್ರಾಂತಿದ್ದು" ಎಂದರು. "ಆ ಬಾಟಲಿಯ ಕುತ್ತಿಗೆಯಲ್ಲಿ ಕೂತರೆ ಎಷ್ಟು ತೊಳೆದರೂ ಬರುವುದಿಲ್ಲ ಮಾರಾಯ. ಕುಡಿ."