ಭಾವ ಮತ್ತು ಪ್ಲಸ್ ಬಟನ್

ಕ್ಯಾಮೆರಾದ ಹಿಂಭಾಗದಲ್ಲಿ ಪ್ಲಸ್ ಗುರುತಿನ ಒಂದು ಪುಟ್ಟ ಬಟನ್ ಇರುತ್ತದೆ. ತೆಗೆದ ಫೋಟೋವನ್ನು ಅಲ್ಲೇ ದೊಡ್ಡದು ಮಾಡಿ ನೋಡುವುದಕ್ಕೆ. ಅದನ್ನು ಅಲ್ಲಿಟ್ಟ ಇಂಜಿನಿಯರ್ ಯಾರೋ ಗೊತ್ತಿಲ್ಲ, ಆದರೆ ಆ ಮನುಷ್ಯನಿಗೆ ನಮ್ಮ ಭಾವನಂಥ ಭಾವ ಇರಲಿಲ್ಲ ಅನ್ನುವುದು ಮಾತ್ರ ಗ್ಯಾರಂಟಿ.

ನಿನ್ನೆ ಸಂಜೆಯ ಮಾತು ಇದು, ಇನ್ನೂ ಹೊಟ್ಟೆಉರಿ ಆರಿಲ್ಲ. ಅಕ್ಕನ ಮಗಳ ಹುಟ್ಟುಹಬ್ಬ, ಮನೆ ತುಂಬ ಜನ. ಗ್ರೂಪ್ ಫೋಟೋ ತೆಗೆಯುವ ಕೆಲಸ ಎಂದಿನಂತೆ ನನ್ನ ತಲೆಗೇ ಬಂತು. ಎಲ್ಲರನ್ನೂ ಒಂದು ಕಡೆ ನಿಲ್ಲಿಸುವುದು ಎಂಥ ಪಾಡು ಅಂತ ಕ್ಯಾಮೆರಾ ಹಿಡಿದವರಿಗೇ ಗೊತ್ತು. ಉದ್ದ ಇದ್ದವರು ಮುಂದೆ ಬಂದು ನಿಲ್ಲುತ್ತಾರೆ. ಚಿಕ್ಕಪ್ಪನಿಗೆ ಸರಿಯಾಗಿ ಅದೇ ಹೊತ್ತಿಗೆ ಫೋನ್ ಬರುತ್ತದೆ. ಮಕ್ಕಳನ್ನು ಕೂರಿಸುವಷ್ಟರಲ್ಲಿ ದೊಡ್ಡವರು ಚದುರಿರುತ್ತಾರೆ. ಅಂತೂ ಇಂತೂ ಒಂದು ಕ್ಷಣ ಎಲ್ಲರೂ ಕ್ಯಾಮೆರಾ ಕಡೆ ನೋಡಿದರು, ಎಲ್ಲರ ಕಣ್ಣೂ ತೆರೆದಿತ್ತು, ಫೋಟೋ ಅಂದರೆ ಮುಖ ಗಂಟು ಹಾಕಿಕೊಳ್ಳುವ ದೊಡ್ಡಮ್ಮ ಕೂಡ ಹಲ್ಲು ಕಾಣುವಂತೆ ನಕ್ಕರು. ಕ್ಲಿಕ್. ಇಂಥದ್ದು ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ.

"ಕೊಡಿಲ್ಲಿ, ನೋಡೋಣ," ಅಂತ ಭಾವ ಕೈ ಚಾಚಿದರು.

ಕೊಡದೆ ಇರೋಕಾಗುತ್ತಾ? ಕೊಟ್ಟೆ. ಅವರು ಫೋಟೋ ನೋಡಲಿಲ್ಲ. ನೋಡುವುದೇ ಇಲ್ಲ. ಪರದೆ ಬೆಳಗಿದ ತಕ್ಷಣ ಹೆಬ್ಬೆರಳು ಪ್ಲಸ್ ಬಟನ್ ಮೇಲೆ. ಟಕ್, ಟಕ್, ಟಕ್, ಇನ್ನು ದೊಡ್ಡದಾಗಲ್ಲ ಅಂತ ಕ್ಯಾಮೆರಾನೇ ಕೈಚೆಲ್ಲುವ ತನಕ. ಆಮೇಲೆ ಬಾಣದ ಬಟನ್ ಒತ್ತುತ್ತಾ ಮೆರವಣಿಗೆ. ಮೊದಲು ಚಿಕ್ಕಪ್ಪನ ಕಿವಿ. ಕಿವಿಯಿಂದ ಅತ್ತಿಗೆಯ ಭುಜ. ಅಲ್ಲಿಂದ ಗೋಡೆ. ಗೋಡೆ ಮೇಲೆ ಬಹಳ ಹೊತ್ತು ನಿಂತರು, ಡಾಕ್ಟರು ಎಕ್ಸ್‌ರೇ ಹಿಡಿದು ಸುಮ್ಮನಾಗುತ್ತಾರಲ್ಲ, ಹಾಗೆ. ಸಾಲಾಗಿ ನಿಂತವರೆಲ್ಲ ನಗು ಹಿಡಿದುಕೊಂಡೇ ಕಾಯುತ್ತಿದ್ದರು.

"ನಾಯ್ಸ್ ಇದೆ," ಅಂದರು ಭಾವ. ಫೋಟೋ ಕಾಳು ಕಾಳಾಗಿ ಕಾಣುವುದಕ್ಕೆ ಹಾಗನ್ನುತ್ತಾರೆ.

"ಎಲ್ಲಿ ಭಾವ?"

"ಗೋಡೇಲಿ. ದೊಡ್ಡಮ್ಮನ ಹುಬ್ಬೂ ಅಷ್ಟು ಶಾರ್ಪ್ ಇಲ್ಲ. ಇನ್ನೊಂದು ತೆಗಿ."

ದೊಡ್ಡಮ್ಮ ಹುಬ್ಬು ಮುಟ್ಟಿ ನೋಡಿಕೊಂಡರು. ನಗು ಅಲ್ಲಿಗೆ ಮುಗಿಯಿತು. ಇನ್ನೊಂದನ್ನೂ ತೆಗೆದೆ. ಅದರಲ್ಲಿ ಹುಬ್ಬು ಶಾರ್ಪ್ ಇದೆ, ಮುಖ ಗಂಟು ಹಾಕಿದೆ.

ಲೆಕ್ಕ ಹೇಳುತ್ತೇನೆ ಕೇಳಿ. ನನ್ನ ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದ್ದು, ಅಂದರೆ ಒಂದು ಫೋಟೋ ಅಡ್ಡಕ್ಕೆ 6000, ಉದ್ದಕ್ಕೆ 4000 ಚುಕ್ಕೆ. ಹಿಂದಿನ ಪರದೆ 640 ಅಡ್ಡ, 480 ಉದ್ದ. ಚುಕ್ಕೆಗೆ ಚುಕ್ಕೆ ಹೊಂದಿಸಿ ನೋಡಿದರೆ ಫೋಟೋದ ಸುಮಾರು 80ರಲ್ಲಿ 1 ಪಾಲು ಮಾತ್ರ ಕಾಣುತ್ತದೆ. ಅಷ್ಟು ಹತ್ತಿರದಿಂದ ನೋಡಿದರೆ ಯಾರ ಮುಖ ತಾನೇ ಚೆನ್ನಾಗಿರುತ್ತದೆ? ಭಾವನದ್ದೂ ಇಲ್ಲ, ನಾನು ನೋಡಿದ್ದೇನೆ.

ನಾಯ್ಸ್ ಇತ್ತಾ? ಇತ್ತು. ಯಾಕಿರಲ್ಲ? ಸಂಜೆ ಹೊತ್ತು, ಒಂದೇ ಟ್ಯೂಬ್‌ಲೈಟ್, ಒಂದು ನಿಮಿಷ ಕೈಕಾಲು ಸುಮ್ಮನಿಡದ ಮಕ್ಕಳು. ಶಟರ್ ನಿಧಾನ ಮಾಡಿದರೆ ಮಕ್ಕಳು ಕಲಸಿಹೋಗುತ್ತಾರೆ. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಹಾಕಿದರೆ ಅದರ ಬೆಳಕು ಮೂರ್ನಾಲ್ಕು ಮೀಟರ್ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಮುಂದಿನ ಸಾಲು ಸುಣ್ಣ ಬಳಿದುಕೊಂಡಿರುತ್ತದೆ, ಹಿಂದಿನ ಸಾಲು ಕತ್ತಲಲ್ಲಿ. ಕ್ಯಾಮೆರಾ ಜೊತೆಗೇ ಬಂದ ಕಿಟ್ ಲೆನ್ಸ್‌ನ ಕಿಂಡಿ ಅದರ ಮಿತಿಗಿಂತ ಜಾಸ್ತಿ ತೆರೆಯುವುದಿಲ್ಲ. ಉಳಿದದ್ದು ಐಎಸ್‌ಒ ಒಂದೇ, ಸಿಕ್ಕ ಬೆಳಕನ್ನೇ ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನುವ ಲೆಕ್ಕ. ಅದನ್ನು 3200ಕ್ಕೆ ಏರಿಸಿದೆ. ಏರಿಸಿದಷ್ಟೂ ಕಾಳು ಎದ್ದು ಕಾಣುತ್ತದೆ. ಕಾಳು ಕಾಳಾಗಿ ಬಂದ ಫೋಟೋ ಬೇಕಾ, ಮಕ್ಕಳು ಕಲಸಿಹೋದ ಫೋಟೋ ಬೇಕಾ ಅಂದರೆ ನನ್ನ ಓಟು ಯಾವಾಗಲೂ ಕಾಳಿಗೇ. ಪ್ರಿಂಟ್ ಹಾಕಿಸಿದರೆ ಆ ಕಾಳು ಹೆಚ್ಚುಕಮ್ಮಿ ಮಾಯ. ಇದನ್ನೆಲ್ಲ ಭಾವನಿಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದಕ್ಕೇ ಫುಲ್ ಫ್ರೇಮ್ ತಗೋ ಅಂದಿದ್ದು," ಅಂದರು.

ಫುಲ್ ಫ್ರೇಮ್ ಅಂದರೆ ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್, ದೊಡ್ಡದಿರುವ ಕ್ಯಾಮೆರಾ: 36 ಮಿ.ಮೀ. ಅಡ್ಡ, 24 ಉದ್ದ. ಸೆನ್ಸರ್ ದೊಡ್ಡದಾದಷ್ಟೂ ಬೆಳಕು ಜಾಸ್ತಿ, ಕಾಳು ಕಮ್ಮಿ. ನನ್ನದು ವಿಸ್ತಾರದಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಸರಿ, ಒಪ್ಪೋಣ. ಆದರೆ ಉಪದೇಶ ಕೊಡುವವರ ಹತ್ತಿರ ಇರುವುದೇನು ಅಂತ ಕೇಳಿ. ಜೇಬಿಗೆ ಹಾಕಿಕೊಳ್ಳುವ ಪುಟ್ಟ ಕ್ಯಾಮೆರಾ, 20 ಮೆಗಾಪಿಕ್ಸೆಲ್, ಒಳಗಿನ ಸೆನ್ಸರ್ 6 ಮಿ.ಮೀ.ಗಿಂತ ಚೂರು ಅಗಲ, ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಡಬ್ಬಿ ಮೇಲಿನ ದಪ್ಪ ಅಕ್ಷರ ನೋಡಿ ಕೊಂಡಿದ್ದು. "ನಿನ್ನದು 24, ನನ್ನದು 20. ನಾಲ್ಕೇ ತಾನೇ ವ್ಯತ್ಯಾಸ?" ಅನ್ನುತ್ತಾರೆ. ಒಂದು ಸಲ ಡಿಜಿಟಲ್ ಜೂಮ್ ಹಾಕಿ ಏನೋ ಬಿಳಿ ಉಂಡೆ ತೆಗೆದು ತೋರಿಸಿದರು, ಅದು ಚಂದ್ರ ಅಂತ ಅವರೇ ಹೇಳಬೇಕಾಯಿತು. ಡಿಜಿಟಲ್ ಜೂಮ್ ಅಂದರೆ ಬೇರೇನಲ್ಲ, ಫೋಟೋದ ನಡುವಿನ ತುಂಡು ಕತ್ತರಿಸಿ ಹಿಗ್ಗಿಸುವುದು. ಆ ಚಂದ್ರನ ಮೇಲೆ ಮಾತ್ರ ಭಾವನ ಹೆಬ್ಬೆರಳು ಪ್ಲಸ್ ಬಟನ್ ಹತ್ತಿರ ಸುಳಿಯಲೇ ಇಲ್ಲ.

ಈ ತಪ್ಪು ಹುಡುಕುವ ಪದ್ಧತಿ ಡಿಜಿಟಲ್ ಕ್ಯಾಮೆರಾ ಹುಟ್ಟಿದಾಗಲೇ ಶುರುವಾಗಿರಬೇಕು. 1975ರಲ್ಲಿ ಕೊಡಾಕ್‌ನ ಸ್ಟೀವ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದರಲ್ಲ, ಅದು ಬರೀ 0.01 ಮೆಗಾಪಿಕ್ಸೆಲ್‌ನದ್ದು. ಒಂದು ಫೋಟೋ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್. ಲ್ಯಾಬಿನ ಸಹಾಯಕಿಯೊಬ್ಬರ ಫೋಟೋ ತೆಗೆದು ಟಿವಿಯಲ್ಲಿ ತೋರಿಸಿದರೆ, ಕಲಸಿಹೋದ ತಮ್ಮ ಮುಖ ನೋಡಿ ಆಕೆ ಇನ್ನೂ ಕೆಲಸ ಬಾಕಿ ಇದೆ ಅಂದುಬಿಟ್ಟರಂತೆ. ಆ ಯಂತ್ರದಲ್ಲಿ ಪ್ಲಸ್ ಬಟನ್ ಇರಲಿಲ್ಲ, ಸ್ಯಾಸನ್ ಬಚಾವಾದರು.

ಭಾವ ಸುಮ್ಮನಿದ್ದಿದ್ದು ಒಂದೇ ಸಲ ಅಂತ ನೆನಪು. ಹಳೆ ಸಿಡಿಯೊಂದರಲ್ಲಿ 2 ಮೆಗಾಪಿಕ್ಸೆಲ್ ಕಾಲದ ಫೋಟೋಗಳು ಸಿಕ್ಕಿದ್ದವು. ಒಂದರಲ್ಲಿ, ಜನರ ಹಿಂದೆ, ಬಾಗಿಲ ಹತ್ತಿರ, ಅವರ ಅಮ್ಮ ಯಾರ ಮಾತಿಗೋ ನಗುತ್ತಾ ನಿಂತಿದ್ದಾರೆ. ಅವರು ಹೋಗಿ ಆಗಲೇ ಸುಮಾರು ವರ್ಷವಾಗಿತ್ತು. ಕಂಪ್ಯೂಟರಿನಲ್ಲಿ ಭಾವ ಮುಖವನ್ನು ದೊಡ್ಡದು ಮಾಡಿದರು. ಚೌಕ ಚೌಕ ಕಾಣಿಸಿತು. ಸ್ವಲ್ಪ ಚಿಕ್ಕದು ಮಾಡಿದರು, ಮತ್ತೆ ದೊಡ್ಡದು ಮಾಡಿದರು. "ಇಷ್ಟೇನಾ ಬರೋದು?" ಅಂತ ಕೇಳಿದರು. "ಅಷ್ಟೇ ಭಾವ," ಅಂದೆ. ನಾಯ್ಸ್ ಬಗ್ಗೆ ಒಂದು ಮಾತಿಲ್ಲ. ಈ ಜೂಮ್ ಚಟ ಅವರಿಗೆ ಅವತ್ತೇ ಹತ್ತಿತೋ ಏನೋ, ನಾನು ಕೇಳಿಲ್ಲ.

ಹಾಗಂತ ದೊಡ್ಡಮ್ಮನ ನಗು ಕೆಡಿಸಿದ್ದಕ್ಕೆ ಕ್ಷಮೆ ಇಲ್ಲ. ಪ್ಲಸ್ ಬಟನ್ ಕೆಲಸ ಮಾಡದ ಹಾಗೆ ಮಾಡೋಕೆ ಏನಾದರೂ ದಾರಿ ಇದೆಯಾ ಅಂತ ರಾತ್ರಿ ಮೆನು ಪೂರ್ತಿ ಜಾಲಾಡಿದೆ. ಕ್ಲಿಕ್ ಆದ ತಕ್ಷಣ ಫೋಟೋ ತಾನಾಗಿ ಕಾಣಿಸುವುದನ್ನು ನಿಲ್ಲಿಸಬಹುದು, ಅಷ್ಟೇ. ಪ್ಲೇ ಬಟನ್ ಎಲ್ಲಿದೆ ಅಂತ ಭಾವನಿಗೆ ಚೆನ್ನಾಗಿ ಗೊತ್ತು.

ಬೆಳಗ್ಗೆ ಆ ಮೊದಲನೇ ಫೋಟೋವನ್ನೇ, ದೊಡ್ಡಮ್ಮ ನಗುತ್ತಿರುವುದನ್ನು, ವಾಟ್ಸಾಪ್‌ನಲ್ಲಿ ಮನೆಯವರ ಗ್ರೂಪಿಗೆ ಹಾಕಿದೆ. ಬೇಕಂತಲೇ ಅಲ್ಲಿ ಹಾಕಿದ್ದು. ಅದು ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ, ಕುಗ್ಗಿದಾಗ ಗೋಡೆಯ ನಾಯ್ಸೂ ಅಡಗುತ್ತದೆ. ಎಲ್ಲರೂ ಹೃದಯದ ಗುರುತು ಒತ್ತಿದರು, ದೊಡ್ಡಮ್ಮ ಅದನ್ನೇ ತಮ್ಮ ಡಿಪಿ ಮಾಡಿಕೊಂಡರು. ಎಲ್ಲ ಸುಸೂತ್ರವಾಯಿತು ಅಂದುಕೊಳ್ಳುವಷ್ಟರಲ್ಲಿ ಭಾವನ ಮೆಸೇಜು, ಗ್ರೂಪಿನಲ್ಲಲ್ಲ, ನನಗೊಬ್ಬನಿಗೇ: "ಜೂಮ್ ಮಾಡಿದ್ರೆ ಒಡೀತಿದೆ. ಒರಿಜಿನಲ್ ಕಳ್ಸು."

ನೆಟ್ ಸರಿ ಇಲ್ಲ ಅಂತ ಬರೆದು ಫೋನ್ ಪಕ್ಕಕ್ಕಿಟ್ಟಿದ್ದೇನೆ.