243 ಒಗಟು, ಒಂದು ಹಂಡೆ ಅಡಿಕೆ

2015ರ ದೀಪಾವಳಿಗೆ ಊರಿಗೆ ಹೊರಟಾಗ ನನ್ನ ತೊಡೆ ಮೇಲೆ ಇದ್ದದ್ದು ಸ್ವೀಟ್ ಡಬ್ಬ ಅಲ್ಲ, ಕಂಪ್ಯೂಟರಿನ ಸಿಪಿಯು. ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಬಾಣಂತಿ ಮಗು ಹಿಡಿದ ಹಾಗೆ ಹಿಡಿದುಕೊಂಡಿದ್ದೆ. ಶಿವಮೊಗ್ಗ ದಾಟಿ ಗಾಜನೂರಿನ ಹತ್ತಿರ ಕಂಡಕ್ಟರ್ ಒಮ್ಮೆ ಗಂಟು ನೋಡಿದ, ಒಮ್ಮೆ ನನ್ನ ಮುಖ ನೋಡಿದ. "ಎಂತ ಮಾರಾಯ್ರೇ ಅದು?"

"ಬ್ಯಾಟ್‌ಮ್ಯಾನ್" ಎಂದೆ.

ಮಾತಾಡದೆ ಲಗೇಜ್ ಟಿಕೆಟ್ ಹರಿದು ಕೈಗಿಟ್ಟ.

ಸಿಪಿಯು ಒಳಗೆ ಇದ್ದದ್ದು 'ಅರ್ಕಮ್ ನೈಟ್', ಬ್ಯಾಟ್‌ಮ್ಯಾನ್‌ನ ಅರ್ಕಮ್ ಸರಣಿಯಲ್ಲಿ ಆಗ ಕೊನೇದು ಅನ್ನಿಸಿಕೊಂಡಿದ್ದ ಗೇಮ್. ಮೊದಲನೆಯದು 2009ರಲ್ಲಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಒಂದು ದ್ವೀಪ, ಅದರಲ್ಲೊಂದು ಹುಚ್ಚಾಸ್ಪತ್ರೆ, ಒಂದೇ ಒಂದು ರಾತ್ರಿ. ನಮ್ಮ ಹೀರೋ ಕತ್ತಲಲ್ಲಿ ತಲೆಕೆಳಗಾಗಿ ನೇತಾಡುತ್ತಾ ಒಬ್ಬೊಬ್ಬ ರೌಡಿಯನ್ನೇ ಮೇಲಕ್ಕೆ ಎಳೆದುಕೊಳ್ಳುತ್ತಿದ್ದ. ಅಟ್ಟದ ಬಾವಲಿಗಳ ಜೊತೆ ಬೆಳೆದ ನನಗೆ ಅವನು ಮನೆಯವನೇ ಅನಿಸಿದ್ದ. 2011ರ 'ಅರ್ಕಮ್ ಸಿಟಿ'ಯನ್ನು ಮೂರು ಸಲ ಮುಗಿಸಿದೆ. 2013ರಲ್ಲಿ ಬೇರೆ ತಂಡದವರು ಮಾಡಿದ ಇನ್ನೊಂದು ಬಂತು. ಅದನ್ನು ದೂರದ ನೆಂಟರ ಹಾಗೆ ಮಾತಾಡಿಸಿ ಕಳಿಸಿದೆ. ನಾನು ಕಾಯುತ್ತಿದ್ದದ್ದು ಈ ಕೊನೆಯದಕ್ಕೆ.

ಬಿಡುಗಡೆ ಆದದ್ದು ಜೂನ್ 23ಕ್ಕೆ. ಕಂಪ್ಯೂಟರಿನಲ್ಲಿ ಅದು ಎಷ್ಟು ಮುಗ್ಗರಿಸುತ್ತಿತ್ತು ಅಂದರೆ ಮಾರನೇ ದಿನವೇ ಮಾರಾಟ ನಿಲ್ಲಿಸಿಬಿಟ್ಟರು. ತಿರುಗಿ ಮಾರಾಟಕ್ಕೆ ಬಂದದ್ದು ಅಕ್ಟೋಬರ್ 28ಕ್ಕೆ. ಅಷ್ಟರಲ್ಲಿ ನಮ್ಮೂರಿನ ಮಳೆಗಾಲವೇ ಮುಗಿದಿತ್ತು! ಶಿವಮೊಗ್ಗದ ರೂಮಿನಲ್ಲಿ ಇಳಿಸಲು ಕೂತೆ. 45 ಜಿಬಿ. ಮೂರನೇ ದಿನಕ್ಕೆ ಡೇಟಾ ಮಿತಿ ಮುಗಿದು ಸ್ಪೀಡು 512 ಕೆಬಿಪಿಎಸ್‌ಗೆ ಇಳಿಯಿತು. ಆಮೇಲೆ ಅದು ಸೋರುವ ನಲ್ಲಿಯ ಕೆಳಗೆ ಹಂಡೆ ಇಟ್ಟ ಹಾಗೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಒಳಗೆ, ಟಾರು ರೋಡು ಮುಗಿದ ಮೇಲೂ ಒಂದಷ್ಟು ದೂರ. ದೀಪಾವಳಿ ಅಂದರೆ ಅಡಿಕೆ ಕೊಯ್ಲಿನ ಕಾಲ. ಅಂಗಳದ ತುಂಬ ಗೊನೆ, ಮೆಟ್ಟುಗತ್ತಿ ಮೇಲೆ ಕೂತು ಸುಲಿಯುವವರು, ಹಂಡೆಯಲ್ಲಿ ಬೇಯುವ ಅಡಿಕೆ. ನಾನು ಮನೆಗೆ ಕಾಲಿಟ್ಟ ದಿನವೇ ಅಪ್ಪಯ್ಯನ ಜೀಪು ತೋಟದ ದಾರಿಯ ಕೆಸರಲ್ಲಿ ಹೂತಿತ್ತು. ಹಗ್ಗ ಕಟ್ಟು, ಎಳಿ, ಹಿಂದಿನಿಂದ ನೂಕು, ಚಕ್ರ ತಿರುಗಿದಾಗ ಮುಖಕ್ಕೆ ಕೆಸರು ಎರಚಿಸಿಕೋ. ಸ್ನಾನ ಮಾಡಿ, ಊಟ ಮಾಡಿ, ರಾತ್ರಿ ಹತ್ತಕ್ಕೆ ಖುಷಿಯಿಂದ ಗೇಮ್ ಹಾಕಿದೆ.

ಅಲ್ಲೂ ಜೀಪು!

ಈ ಸಲ ಬ್ಯಾಟ್‌ಮ್ಯಾನ್‌ಗೆ ಗಾಡಿ ಕೊಟ್ಟಿದ್ದರು, ಬ್ಯಾಟ್‌ಮೊಬೈಲ್. ಓಡಿಸೋಕೆ ಮಜಾ ಇದೆ, ಇಲ್ಲ ಅನ್ನಲ್ಲ. ಆದರೆ ಕೊಟ್ಟವರು ಸುಮ್ನೆ ಬಿಡಲಿಲ್ಲ. ಗೋಡೆ ಬೀಳಿಸಬೇಕೇ? ಗಾಡಿಯ ಹಗ್ಗ ಹಾಕಿ ಎಳಿ. ಲಿಫ್ಟ್ ಏರಬೇಕೇ? ಹಗ್ಗ ಹಾಕಿ ಎಳಿ. ಅದು ಮುಗಿಯಿತು ಅನ್ನುವಷ್ಟರಲ್ಲಿ ಗಾಡಿ ಟ್ಯಾಂಕ್ ಆಗುತ್ತದೆ, ಎದುರಿಗೆ ಆಳಿಲ್ಲದ ಡ್ರೋನ್ ಟ್ಯಾಂಕುಗಳು ಸಾಲಾಗಿ ಬರುತ್ತವೆ. ಎಲ್ಲ ಸುಟ್ಟರೆ ಇನ್ನೊಂದು ಬೀದಿಯಲ್ಲಿ ಇನ್ನೊಂದಷ್ಟು. ಕತ್ತಲಲ್ಲಿ ಸದ್ದಿಲ್ಲದೆ ಸುಳಿಯುತ್ತಿದ್ದವನನ್ನು ಹಿಡಿದು ಡ್ರೈವರ್ ಕೆಲಸಕ್ಕೆ ಹಾಕಿದ ಹಾಗಾಯಿತು. ನನಗೆ ಹೊಟ್ಟೆ ಉರಿದದ್ದು ಇದಕ್ಕೇ.

ಇನ್ನು ಆ ಮುಖವಾಡದ ವಿಲನ್. ಹೊಚ್ಚ ಹೊಸ ಪಾತ್ರ ಎಂದು ಡಂಗುರ ಹೊಡೆದಿದ್ದರು. (ಇಷ್ಟು ವರ್ಷ ಆಯ್ತು, ಗುಟ್ಟು ಹೇಳಿದರೆ ಯಾರೂ ಬೈಯಲ್ಲ.) ಅರ್ಧ ಆಟದಲ್ಲಿ ಬ್ಯಾಟ್‌ಮ್ಯಾನ್‌ನ ಹಳೇ ಶಿಷ್ಯ ಜೇಸನ್ ಟಾಡ್‌ನನ್ನು ಜೋಕರ್ ಕಟ್ಟಿಹಾಕಿ ಹಿಂಸೆ ಕೊಡುವ ದೃಶ್ಯ ಬರುತ್ತದೆ. ಅಮ್ಮ ಮಜ್ಜಿಗೆ ಲೋಟ ಇಡಲು ಬಂದವಳು ಎರಡು ನಿಮಿಷ ನಿಂತಳು.

"ಪಾಪ, ಯಾರೋ ಅದು?"

"ಇವನ ಶಿಷ್ಯ. ಸತ್ತೋದ."

"ಎಂತ ಸಾಯೋದು? ಆಗ ಮುಖವಾಡ ಹಾಕ್ಕೊಂಡು ಕೂಗಾಡ್ತಿದ್ನಲ್ಲ, ಅವನೇ ಇವ್ನು. ಮಜ್ಜಿಗೆ ಕುಡಿ."

ಯಕ್ಷಗಾನ ನೋಡಿ ಬೆಳೆದವರ ಹತ್ತಿರ ವೇಷ ಮರೆಸುವುದು ಅಷ್ಟು ಸುಲಭ ಅಲ್ಲ. ಗುಟ್ಟು ರಟ್ಟಾಗಲು ನಾನು ಇನ್ನೂ ಎರಡು ರಾತ್ರಿ ನಿದ್ದೆಗೆಟ್ಟೆ. ಅಮ್ಮ ಹೇಳಿದ್ದೇ ಸರಿ.

ಕಥೆ ಮುಗಿದರೂ ಪೂರ್ತಿ ಕೊನೆ ತೋರಿಸಲಿಲ್ಲ. ಅದು ಬೇಕಾದರೆ ಒಗಟು ಹಾಕಿ ಕಾಡುವ ವಿಲನ್ ರಿಡ್ಲರ್‌ನನ್ನು ಹಿಡಿಯಬೇಕು. ಅವನನ್ನು ಹಿಡಿಯಬೇಕಾದರೆ ಊರ ತುಂಬ ಹರಡಿದ ಅವನ ಒಗಟು, ಟ್ರೋಫಿ ಎಲ್ಲ ಮುಗಿಸಬೇಕು. ಎಷ್ಟು? 243. ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕು ಅಂದರೆ ಸೊಂಟ ನೋವು ಅನ್ನುವ ನಾನು, ಬ್ಯಾಟ್‌ಮ್ಯಾನ್‌ನ ಊರು ಗೋಥಮ್ ತುಂಬ ಬಗ್ಗಿ ಬಗ್ಗಿ ಹಸಿರು ಪ್ರಶ್ನೆ ಚಿಹ್ನೆ ಹೆಕ್ಕಿದೆ.

ಸುಮಾರು ನೂರಾ ಎಂಬತ್ತು ಆಗಿರಬೇಕು. ಅಪ್ಪಯ್ಯ ಪೇಟೆಗೆ ಹೊರಟವರು, "ಹಂಡೆ ಒಲೆ ಕಡೆ ಒಂದು ಕಣ್ಣಿಡು" ಎಂದರು. ಹೂಂ ಎಂದೆ. ಒಂದು ಟ್ರೋಫಿ ಮೂರು ಗೋಡೆ ಆಚೆ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಅದು ಸಿಕ್ಕಿದಾಗ ಮನೆಯಲ್ಲಿ ಕಮಟು ವಾಸನೆ. ಓಡಿ ಹೋಗಿ ನೋಡಿದರೆ ಹಂಡೆಯಲ್ಲಿ ನೀರಿಲ್ಲ, ಅಡಿಕೆ ತಳ ಹಿಡಿದು ಕರಟಿದೆ. ಅಪ್ಪಯ್ಯ ಬಂದು ಬೈಯಲಿಲ್ಲ. ಒಂದು ಅಡಿಕೆ ತೆಗೆದು ನನ್ನ ಕೀಬೋರ್ಡಿನ ಮೇಲೆ ಇಟ್ಟು ಹೋದರು. ಬೈದಿದ್ದರೇ ವಾಸಿ ಇತ್ತು.

ಕೊನೆಗೂ 243 ಆಯಿತು. ಬ್ಯಾಟ್‌ಮ್ಯಾನ್ ಮನೆಗೆ ಬಂದ, ಬಾಗಿಲು ಹಾಕಿದ, ಮನೆ ಢಮ್ ಎಂದು ಸಿಡಿಯಿತು. ಆಮೇಲೆ ಒಂದು ಗಲ್ಲಿ, ಇಬ್ಬರು ಕಳ್ಳರು, ಮೇಲೊಂದು ಕರೀ ಆಕೃತಿ. ಮುಗಿಯಿತು. ಲೋಟದ ಕಾಫಿ ಇನ್ನೂ ಬಿಸಿ ಇತ್ತು.

ಜಗಲಿಗೆ ಬಂದು ಕೂತೆ. ಅಜ್ಜಿ ಹೂ ಕಟ್ಟುತ್ತಿದ್ದರು. "ಎಷ್ಟು ಒಗಟು ಬಿಡಿಸ್ದೆ?" ಅಂದರು. ಹೇಳಿದೆ.

"ಹಂಗಾದ್ರೆ ನಂದೂ ಒಂದು ಬಿಡ್ಸು. ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ. ಎಂತದು?"

ನೆನಪಾಗಲಿಲ್ಲ. ಒಂದನೇ ಕ್ಲಾಸಿನ ಒಗಟು, ಉತ್ತರ ಅಜ್ಜಿಯ ಮಡಿಲಲ್ಲೇ ಇತ್ತು. ನನಗೆ ಮಾತ್ರ ಆ ಮೊಸರಿಗೆ ಯಾವ ಹಗ್ಗ ಹಾಕಿ ಎಳೆಯಬೇಕು ಅನ್ನುವುದೇ ತಲೆಯಲ್ಲಿ.

"ಸೋತೆ" ಎಂದೆ. ನಮ್ಮಜ್ಜಿ ಹತ್ತಿರ ಒಗಟು ಸೋತರೆ ಒಂದು ಊರು ಕೊಡಬೇಕು.

"ಗೋಥಮ್ ತಗೋ ಅಜ್ಜಿ."

"ಯಾವ ಕಡೆ ಬರುತ್ತೆ ಅದು? ತೋಟ ಗೀಟ ಇದ್ಯಾ?"

"ತೋಟ ಇಲ್ಲ. ಮಳೆ ಮಾತ್ರ ಜೋರು. ರಾತ್ರಿಯಿಡೀ ಹೊಯ್ತಿರುತ್ತೆ."

ಅಜ್ಜಿ ದಾರ ಕಚ್ಚಿ ತುಂಡು ಮಾಡಿದರು. "ಬರೀ ಕೊಳೆರೋಗದ ಊರು. ಬೇಡ, ಬೇರೆ ಕೊಡು."