ಮಸಾಯಿ ಮಾರಾ ಕ್ಯಾಂಪಿಗೆ ಹೊರಡುವ ಮುನ್ನ

ಸ್ವಯಂಸೇವಕರಾಗಿ ಕೀನ್ಯಾದ ವನ್ಯಜೀವಿ ತಾಣ ಮಸಾಯಿ ಮಾರಾದ ಸಂಶೋಧನಾ ಶಿಬಿರಕ್ಕೆ ಹೋಗುವವರು ಹೇಗೆ ಸಿದ್ಧರಾಗಬೇಕು ಎಂಬ ಲೇಖನವೊಂದನ್ನು ಓದಿದೆ. ಅದರಲ್ಲಿ ಕ್ಯಾಮೆರಾ, ಬಟ್ಟೆಯ ಪಟ್ಟಿ ಚೆನ್ನಾಗಿದೆ. ಆದರೆ ಹಳದಿ ಜ್ವರದ ಲಸಿಕೆಯ ಮಾತೇ ಇಲ್ಲ, ಅದು ದೊಡ್ಡ ಕೊರತೆ. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಪ್ರಮಾಣಪತ್ರಕ್ಕೆ ಮಾನ್ಯತೆ. ಕೀನ್ಯಾದಿಂದ ಮರಳುವಾಗ ಅದಿಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಮಲೇರಿಯಾ ಬರದಂತೆ ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟರೆ ಊರಿಗೆ ಬಂದ ಮೇಲೂ 4 ವಾರ ನುಂಗಬೇಕು. ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ, ಜ್ವರ ಬರುವುದೂ ಆಗಲೇ.

ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಹೊರಡುವ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕೆಜಿ ಮಿತಿ, ಅದೂ ಮೆತ್ತನೆಯ ಚೀಲ. ಚಕ್ರದ ಗಟ್ಟಿ ಸೂಟ್‌ಕೇಸ್ ಸಾಮಾನಿನ ಕಿಂಡಿಯೊಳಗೆ ಹಿಡಿಸುವುದಿಲ್ಲ. ಪ್ಲಾಸ್ಟಿಕ್ ಕೈಚೀಲಗಳಿಗೆ 2017ರಿಂದಲೇ ಅಲ್ಲಿ ನಿಷೇಧವಿದೆ, ಚಟ್ನಿಪುಡಿ ಕಟ್ಟುವಾಗ ನೆನಪಿರಲಿ. ನೀಲಿ, ಕಪ್ಪು ಬಟ್ಟೆ ಬೇಡವೇ ಬೇಡ, ರಕ್ತ ಹೀರುವ ಸೆಟ್ಸಿ ನೊಣಗಳು ಆ ಬಣ್ಣಕ್ಕೇ ಮುತ್ತುತ್ತವೆ.

ರಸ್ತೆಯಲ್ಲಿ ಹೋಗುವುದಾದರೆ ಮಾರ್ಚ್‌ನಿಂದ ಮೇವರೆಗಿನ ಮಳೆಗಾಲದಲ್ಲಿ ಒಂದಿಡೀ ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಅಲ್ಲಿನ ನೆಲ ನಮ್ಮ ವಿಜಯಪುರ, ಗದಗ ಕಡೆಯ ಎರೆಮಣ್ಣಿನಂಥದ್ದೇ: ನೀರು ಕುಡಿದು ಉಬ್ಬಿ, ಟಯರಿನ ಕಚ್ಚುಗಳನ್ನೆಲ್ಲ ಮೆತ್ತಿ ಮುಚ್ಚುತ್ತದೆ. ಆಗ ಆಕ್ಸಿಲರೇಟರ್ ತುಳಿದಷ್ಟೂ ಚಕ್ರ ಹೂತುಹೋಗುತ್ತದೆ. ಮೊದಲು ಟಯರಿನ ಗಾಳಿ ಇಳಿಸಿ, ಚಕ್ರದ ಮುಂದೆ ಅಗೆದು, ಹಲಗೆ ಕೊಟ್ಟು ನಿಧಾನವಾಗಿ ಎತ್ತಬೇಕು.

ತಲುಪಿದ ಮೇಲೆ ಕತ್ತಲಾದ ನಂತರ ಡೇರೆಯಿಂದ ಒಬ್ಬರೇ ಹೊರಗೆ ಹೆಜ್ಜೆ ಇಡಬೇಡಿ. ನೀರಾನೆ ರಾತ್ರಿ ಮೇಯಲು ದಡ ಹತ್ತುತ್ತದೆ. ಬೂಟು ಡೇರೆಯ ಒಳಗಿರಲಿ, ತಿಂಡಿ ಮಾತ್ರ ಅಡುಗೆಮನೆಯಲ್ಲೇ ಇರಲಿ.